ಬಾನುಲಿಗೆ ಸಲ್ಲತಕ್ಕದ್ದು ವೃತ್ತಿಯೋ ಕೂಲಿಯೋ?

ದ್ರವ್ಯವನ್ನು ಕೊಡುವುದರಲ್ಲಿ ಎರಡು ಬಗೆಯುಂಟೆಂದು ನಮ್ಮ ಧರ್ಮಶಾಸ್ತ್ರಕಾರರು ವಿವೇಚಿಸಿದ್ದಾರೆ. ಕೆಲಸವನ್ನು ಮಾಡಿಸಿಕೊಂಡು ಅದಕ್ಕೆ ಪ್ರತಿಯಾಗಿ ಕೊಡುವುದು ಭೃತಿ. ಕನ್ನಡದಲ್ಲಿ ಹೇಳುವುದಾದರೆ ಕೂಲಿ. ತನ್ನ ಸ್ವತ್ವವನ್ನು ಬಿಟ್ಟು ಇನ್ನೊಬ್ಬನ ಸ್ವತ್ವವನ್ನುಂಟುಮಾಡುವುದು ದಾನ. ವಿದ್ವಾಂಸನೊಬ್ಬನ ಜೀವನಾರ್ಥವಾಗಿ ಭೂಮಿಯನ್ನು ಧಾರೆಯೆರೆದು ಕೊಟ್ಟರೆ ಅದನ್ನು ವೃತ್ತಿಯೆಂದು ಕರೆದರು. ಕೂಲಿಯನ್ನು ಕೊಡತಕ್ಕವನು ಕೆಲಸವನ್ನು ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಹೇಳಲು ಅಧಿಕಾರಿ. ವೃತ್ತಿಯನ್ನು ಕೊಟ್ಟವನ ಅಧಿಕಾರವಾದರೋ ಧಾರೆಯ ನೀರು ಕೈಯಿಂದ ಜಾರಿದ ಕ್ಷಣಕ್ಕೇ ಮುಗಿಯಿತು. ಆಮೇಲೆ ಆ ವಿದ್ವಾಂಸನು ನ್ಯಾಯವನ್ನು ಪಾಠ ಹೇಳುತ್ತಾನೋ, ವ್ಯಾಕರಣವನ್ನು ಹೇಳುತ್ತಾನೋ, ದಾತೃವಿನ ತಪ್ಪನ್ನೇ ಎತ್ತಿ ಆಡುತ್ತಾನೋ, ಅದು ಅವನ ವಿವೇಕಕ್ಕೆ ಸೇರಿದುದು.

ಇದು ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಆಡತಕ್ಕ ಒಣಚರ್ಚೆಯೆಂದು ಕೆಲವರಿಗೆ ತೋರಬಹುದು. ಆದರೆ ಈಗ ಲೋಕದ ಹಲವು ದೇಶಗಳಲ್ಲಿ ಎದ್ದಿರುವ ಒಂದು ಪ್ರಶ್ನೆಗೆ ಇದಕ್ಕಿಂತ ಹತ್ತಿರವಾದ ಮಾತನ್ನು ನಾನು ಕಾಣೆನು. ಜನಹಿತಕ್ಕಾಗಿಯೇ ಇರತಕ್ಕ ಪ್ರಸಾರ ಸಂಸ್ಥೆಗಳಿಗೆ, ಎಂದರೆ ನಮ್ಮ ಆಕಾಶವಾಣಿ, ದೂರದರ್ಶನ ಮೊದಲಾದವುಗಳಿಗೆ, ಇನ್ನು ಮುಂದೆ ಹಣವನ್ನು ಕೊಡತಕ್ಕವರು ಯಾರು, ಕೊಡುವ ರೀತಿಯೇನು ಎಂಬುದೇ ಆ ಪ್ರಶ್ನೆ. ಎಷ್ಟು ಹಣವೆಂಬ ಲೆಕ್ಕವನ್ನು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ರೀತಿಯ ವಿಚಾರವನ್ನು ಎತ್ತುವವರು ಕಡಮೆ. ಆದುದರಿಂದ ಪ್ರಕೃತ ಅದೊಂದನ್ನೇ ಕುರಿತು ನಾಲ್ಕು ಮಾತುಗಳನ್ನು ಹೇಳಲುದ್ಯುಕ್ತನಾಗಿದ್ದೇನೆ.

ಪ್ರಸಾರ ಕೇಂದ್ರವೊಂದಕ್ಕೆ ಆಕಾಶವಾಣಿಯೆಂಬ ಹೆಸರು ಮೈಸೂರಿನಲ್ಲಿ ಮೊದಲು ಸಂದಿತೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ೧೯೩೫ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಾಸದ ಮನೆಯಾದ ವಿಠ್ಠಲ ವಿಹಾರದಲ್ಲಿ ೩೦ ವಾಟ್ ಶಕ್ತಿಯ ಪುಟ್ಟ ಯಂತ್ರವೊಂದನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಒಂದು ಸಣ್ಣ ದೀಪಕ್ಕೆ ಸಾಲತಕ್ಕಷ್ಟು ಶಕ್ತಿ ಅದು. ಅನಂತರ ೨೫೦ ವಾಟ್ ಶಕ್ತಿಯ ಯಂತ್ರವನ್ನು ತರಿಸಿದರು. ಬಹುಪಾಲು ಖರ್ಚು ಅವರ ಸ್ವಂತ ಕಿಸೆಯಿಂದಲೇ ಹೋಯಿತು. ಸ್ನೇಹಿತರೂ ಪುರಸಭೆಯೂ ಅಷ್ಟಿಷ್ಟು ನೆರವಾದರು. ೧೯೪೨ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. ೧೯೫೦ರಲ್ಲಿ ಅದು ಕೇಂದ್ರ ಸರ್ಕಾರದ ಕೈಸೇರಿತು. ಹದಿನೈದು ವರ್ಷಗಳ ಈ ಚರಿತ್ರೆಯಲ್ಲಿ ಪ್ರಸಾರಕ್ಕೆ ಅನ್ನವಿಕ್ಕಬಹುದಾದವರಲ್ಲಿ ಮೂವರು ಬಂದುಹೋದರು: ಉದಾರಿಯಾದ ಒಬ್ಬ ಗೃಹಸ್ಥ, ಊರಿನ ಜನ, ರಾಜ್ಯಾಧಿಕಾರ. ನಾಲ್ಕನೆಯವನಾದ ವರ್ತಕನು ಆಗಿನ್ನೂ ಬಾಗಿಲಿಗೆ ಬಂದಿರಲಿಲ್ಲ. ಗೃಹಸ್ಥನ ಔದಾರ್ಯವು ಎಷ್ಟು ಶ್ಲಾಘ್ಯವಾದರೂ ಅದು ಅವನ ಆಯುಸ್ಸಿಗೂ ಗಂಟಿಗೂ ಕಟ್ಟುಬಿದ್ದುದು. ಅದರ ಮೇಲೆ ದೇಶದ ವ್ಯವಸ್ಥೆಯನ್ನು ನಿಲ್ಲಿಸಲಾಗದು.

ವರ್ತಕರ ಕಂಪೆನಿಯೇ ಪ್ರಸಾರವನ್ನು ನಡಸಿದ ಪ್ರಯೋಗವೂ ಮೈಸೂರಿಗಿಂತ ಮೊದಲೇ ನಮ್ಮ ದೇಶದಲ್ಲಿ ಆಗಿಹೋಗಿತ್ತು. ೧೯೨೭ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿಯೂ ಮರುತಿಂಗಳು ಕಲ್ಕತ್ತೆಯಲ್ಲಿಯೂ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯು ಕೇಂದ್ರಗಳನ್ನು ತೆರೆಯಿತು. ಕೇಳುಗರು ಕೊಡತಕ್ಕ ೧೦ ರೂಪಾಯಿ ಲೈಸೆನ್ಸು ಹಣದ ದೊಡ್ಡ ಪಾಲೇ ಅದರ ಆದಾಯ. ಲೈಸೆನ್ಸು ಪಡೆದವರ ಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಲಿಲ್ಲ. ಮೂರು ವರ್ಷ ತುಂಬುವುದಕ್ಕೆ ಮೊದಲೇ, ೧೯೩೦ರ ಮಾರ್ಚಿಯಲ್ಲಿ, ಕಂಪೆನಿಯು ಬಾಗಿಲು ಮುಚ್ಚಿತು. ಆಗ ಸರ್ಕಾರವು ಅದನ್ನು ಎತ್ತಿಕೊಂಡಿತು. ಎತ್ತಿಕೊಂಡುದನ್ನು ಇಳಿಸಲು ಇಂದಿಗೂ ಅದಕ್ಕೆ ಮನಸ್ಸಾಗಿಲ್ಲ.

ಲೈಸೆನ್ಸಿನ ಪದ್ಧತಿಯು ಮಾತ್ರ ಬಹುಕಾಲ ಉಳಿಯಿತು. ವರ್ಷಕ್ಕೊಮ್ಮೆ ಅಂಚೆಯ ಕಚೇರಿಗೆ ಹೋಗಿ, ಪುಟ್ಟ ಪುಸ್ತಕವೊಂದನ್ನು ಮುಂದಿಟ್ಟು, ಹಣ ಕಟ್ಟಿ ಮುದ್ರೆಯೊತ್ತಿಸಿಕೊಂಡು ಬರುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಅದೊಂದು ಉಪದ್ರವವೆಂದೇ ಎಲ್ಲರೂ ಗೊಣಗುತ್ತಿದ್ದರು. ೧೯೮೦ರ ದಶಕದ ನಡುವೆ ಸರ್ಕಾರವು ಅದನ್ನು ತೆಗೆದುಹಾಕಿದಾಗ ಜನರಿಗೆ ಸಂತೋಷವೇ ಆಯಿತು. ಪೆಟ್ಟಿಗೆಗಳು ಅಗ್ಗವಾಗಿ ಮನೆಮನೆಗೂ ಬಂದಿದ್ದ ಕಾಲದಲ್ಲಿ ವಸೂಲಿಯ ತೊಂದರೆಯೂ ದೊಡ್ಡದಾಗಿತ್ತೆನ್ನಿ. ಆದರೆ ಆ ದಿನ ನಾವು ಕಳೆದುಕೊಂಡುದು ಯಾವುದೆಂಬುದನ್ನು ಯಾರೂ ಎಣಿಸಲಿಲ್ಲ. ಕೆಲವೇ ರೂಪಾಯಿಗಳನ್ನು ಕೊಟ್ಟವನಿಗೆ ‘ಈ ಬಾನುಲಿ ನನ್ನದು’ ಎಂದು ಹೇಳುವ ಹಕ್ಕು ಇತ್ತು. ಬಿಟ್ಟಿಯಾಗಿ ಕೇಳತೊಡಗಿದ ಮೇಲೆ ಆ ಹಕ್ಕು ಹೋಯಿತು. ಕೊಡುವವರ ಸ್ಥಾನದಲ್ಲಿ ಸರ್ಕಾರ, ವರ್ತಕ ಇವರಿಬ್ಬರೇ ಉಳಿದರು.

ಇವರಿಬ್ಬರಲ್ಲಿ ವರ್ತಕನನ್ನು ಮೊದಲು ವಿಚಾರಿಸೋಣ. ಬಹುಜನರ ಹಿತ, ಬಹುಜನರ ಸುಖ, ಇವೆರಡನ್ನೂ ಆಕಾಶವಾಣಿಯು ತನ್ನ ಧ್ಯೇಯವಾಗಿ ಇಟ್ಟುಕೊಂಡಿದೆ. ಎರಡು ಪದಗಳನ್ನು ಇಟ್ಟವರು ಅವು ಬೇರೆಬೇರೆಯೆಂದು ತಿಳಿದೇ ಇಟ್ಟಿರಬೇಕು. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬಿಡಿಸಿ ತೋರಿಸಿದುದು ಇದೇ ಭೇದ. ವರ್ತಕನು ಜಾಹೀರಾತಿಗಾಗಿ ಹಣ ಕೊಡುವುದು ಹೆಚ್ಚು ಮಂದಿ ಕಿವಿಗೊಡುವ ವೇಳೆಗೆ. ಹೆಚ್ಚು ಮಂದಿ ಕಿವಿಗೊಡುವುದು ಸುಖಕ್ಕೆ. ಇದರಲ್ಲಿ ಅವನ ತಪ್ಪೇನೂ ಇಲ್ಲ; ಅವನು ಅಂಗಡಿಯನ್ನಿಟ್ಟವನೇ ಹೊರತು ಛತ್ರವನ್ನಿಟ್ಟವನಲ್ಲ. ಆದರೆ ಹಿತವನ್ನೇ ಹಿಡಿದು ಸುಖವನ್ನು ತಿರಸ್ಕರಿಸಿದರೆ ಏನಾಗುತ್ತದೆಂಬುದನ್ನೂ ನಮ್ಮ ಆಕಾಶವಾಣಿ ಕಂಡಿದೆ. ಹಾರ್ಮೋನಿಯಂ ನಮ್ಮ ಸಂಗೀತದ ಶ್ರುತಿಸೂಕ್ಷ್ಮಕ್ಕೆ ಒದಗದೆಂದು ೧೯೪೦ರಲ್ಲಿ ಅದನ್ನು ಹೊರಗಿಟ್ಟವರು ಮೂರು ದಶಕಗಳ ಕಾಲ ಒಳಗೆ ಬಿಡಲಿಲ್ಲ. ೧೯೫೨ರಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಮೇಲಿನ ಗೌರವದಿಂದ ಚಲಚ್ಚಿತ್ರದ ಹಾಡುಗಳನ್ನು ಅಡಗಿಸಹೊರಟರು. ಪರಿಣಾಮವಾಗಿ ದೇಶದ ಕಿವಿಯೆಲ್ಲ ರೇಡಿಯೋ ಸಿಲೋನಿನ ಕಡೆಗೆ ತಿರುಗಿತು. ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ತೆರೆದು ಜನರನ್ನು ಹಿಂದಕ್ಕೆ ಕರೆದುಕೊಳ್ಳಬೇಕಾಯಿತು. ಹತ್ತು ವರ್ಷಗಳ ಮೇಲೆ, ೧೯೬೭ರಲ್ಲಿ, ಅದೇ ವಿವಿಧ ಭಾರತಿಯ ಬಾಗಿಲಿನಿಂದಲೇ ಜಾಹೀರಾತು ಒಳಕ್ಕೆ ಬಂದಿತು. ಶಾಸ್ತ್ರೀಯ ಸಂಗೀತವನ್ನು ಪ್ರೀತಿಸುವ ನನ್ನಂಥವನಿಗೂ ಕೇಸ್ಕರರ ಮಾರ್ಗ ಸರಿಯೆಂದು ತೋರುವುದಿಲ್ಲ. ಬಾಯಿಗೆ ರುಚಿಯಿಲ್ಲದ ಔಷಧಿಯನ್ನು ಜೇನಿನಲ್ಲಿ ತೇಯ್ದು ಕೊಡುವ ಉಪಾಯ ನಮ್ಮ ಅಜ್ಜಿಯರಿಗೆ ತಿಳಿದಿತ್ತು, ಮಂತ್ರಿಗಳಿಗೆ ತಿಳಿಯಬಾರದೇಕೆ?

ಆದರೂ ಒಂದು ಮಾತು. ಆಕಾಶವಾಣಿಯ ಸಂಸ್ಕೃತ ವಾರ್ತೆಯನ್ನು ನೋಡಿ. ೧೯೭೪ರ ಜೂನ್ ೩೦ರಂದು ಮೊದಲಾದ ಐದು ನಿಮಿಷಗಳ ಆ ವಾರ್ತೆಗೆ ಯಾವ ವರ್ತಕನು ಹಣ ಕೊಟ್ಟಾನು? ಮಂಗಳೂರು ಕೇಂದ್ರವು ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಮಾತನಾಡುತ್ತದೆ. ಮಡಿಕೇರಿಯ ಕೇಂದ್ರವು ಕೊಡವ ತಕ್ಕಿನಲ್ಲಿಯೂ ಅರೆಭಾಷೆಯಲ್ಲಿಯೂ ಮಾತನಾಡುತ್ತದೆ. ಅರೆಭಾಷೆಯನ್ನಾಡುವವರು ಎಷ್ಟು ಮಂದಿ, ಅವರು ಕೊಳ್ಳುವ ಸಾಬೂನು ಎಷ್ಟು ಎಂದು ಲೆಕ್ಕಹಾಕಿದರೆ ಆ ಪ್ರಸಾರವು ಒಂದು ವಾರವೂ ನಡೆಯದು. ಭತ್ತಕ್ಕೆ ಬಂದ ಬೆಂಕಿರೋಗದ ಮಾತು, ಕರಾವಳಿಯ ಬೆಸ್ತರಿಗೆ ಕಡಲಿಗಿಳಿಯಬೇಡಿರೆಂಬ ಎಚ್ಚರಿಕೆ, ಇವುಗಳಿಗೂ ಪೇಟೆಯ ಧಾರಣೆಯಿಲ್ಲ. ಪೇಟೆಯಲ್ಲಿ ಧಾರಣೆಯಿಲ್ಲದುದೆಲ್ಲ ಬೇಡವಾದುದೆಂದು ಹೇಳುವುದಾದರೆ ತಾಯಿಯ ಹಾಲಿಗೂ ಅದೇ ಗತಿ ಬಂದೀತು.

ಇನ್ನು ಸರ್ಕಾರ. ಹಿತದ ಭಾರವನ್ನು ಹೊರತಕ್ಕದ್ದು ರಾಜ್ಯಾಧಿಕಾರದ ಧರ್ಮವೇ ಸರಿ, ಅದರಲ್ಲಿ ವಿವಾದವಿಲ್ಲ. ಆದರೆ ಹೊತ್ತವನ ಕೈ ಎಲ್ಲಿರುತ್ತದೆಂಬುದನ್ನು ನೋಡಬೇಕು. ೧೯೭೫ರ ಜೂನಿನಿಂದ ೧೯೭೭ರ ಮಾರ್ಚಿಯವರೆಗೆ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಆಕಾಶವಾಣಿಯು ಆಳುವವರ ಡಂಗುರವಾಯಿತು. ಸೆರೆಯಲ್ಲಿದ್ದವರ ಮಾತು ಅದರಲ್ಲಿ ಕೇಳಿಬರಲಿಲ್ಲವೆಂಬುದು ಹಾಗಿರಲಿ. ಸರ್ಕಾರದ ಕಾರ್ಯಕ್ರಮದಲ್ಲಿ ಹಾಡಲೊಪ್ಪಲಿಲ್ಲವೆಂಬ ಕಾರಣಕ್ಕೆ ಕಿಶೋರ್ ಕುಮಾರರ ಸಿನೆಮಾ ಹಾಡುಗಳು ಕೂಡ ೧೯೭೬ರಲ್ಲಿ ಬಾನಿನಿಂದ ಮಾಯವಾದುವು. ಆ ಹಾಡುಗಳಲ್ಲಿ ರಾಜದ್ರೋಹವೇನೂ ಇರಲಿಲ್ಲ. ಕೂಲಿ ಕೊಡುವವನು ‘ಇವನನ್ನು ಒಳಗೆ ಬಿಡಬೇಡ’ ಎಂದ, ಕೂಲಿಯಾಳು ಬಿಡಲಿಲ್ಲ. ಆಳನ್ನು ಬಯ್ದು ಫಲವೇನು? ಅವನ ಮನೆಯ ಒಲೆ ಉರಿಯಬೇಕಷ್ಟೆ.

ಇದಕ್ಕೆ ಮೊದಲೇ, ೧೯೬೬ರಲ್ಲಿ, ಚಂದಾ ಸಮಿತಿಯು ಆಕಾಶವಾಣಿಯನ್ನು ಸರ್ಕಾರದ ಇಲಾಖೆಯಿಂದ ಬಿಡಿಸಬೇಕೆಂದು ಹೇಳಿತ್ತು. ತುರ್ತುಪರಿಸ್ಥಿತಿ ಮುಗಿದ ಮೇಲೆ ಬಿ. ಜಿ. ವರ್ಗೀಸರ ಅಧ್ಯಕ್ಷತೆಯ ಸಮಿತಿಯು ೧೯೭೮ರಲ್ಲಿ ವರದಿ ಕೊಟ್ಟಿತು. ಅವರು ಸೂಚಿಸಿದ ಹೆಸರು ಆಕಾಶ ಭಾರತಿ. ಸೂಚಿಸಿದ ರೂಪ ರಾಷ್ಟ್ರೀಯ ಪ್ರಸಾರ ನ್ಯಾಸ. ನ್ಯಾಸವೆಂಬ ಮಾತನ್ನು ವಾಚಕರು ಗಮನಿಸಬೇಕು. ನ್ಯಾಸವೆಂದರೆ ಇನ್ನೊಬ್ಬರ ವಸ್ತುವನ್ನು ಅವರಿಗಾಗಿ ಕಾಪಾಡುವುದು. ಶಕುಂತಲೆಯನ್ನು ಗಂಡನ ಮನೆಗೆ ಕಳುಹಿಸಿದ ಕಣ್ವರ ಮನಸ್ಸಿಗೆ ಬಂದ ನೆಮ್ಮದಿ ನ್ಯಾಸವನ್ನು ಒಪ್ಪಿಸಿದವನ ನೆಮ್ಮದಿ. ಆ ವರದಿಯ ಗತಿ ಏನಾಯಿತೆಂದರೆ, ೧೯೯೦ರಲ್ಲಿ ಪ್ರಸಾರ ಭಾರತಿಯ ಕಾನೂನು ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ, ಏಳು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದು, ೧೯೯೭ರಲ್ಲಿ ಎದ್ದಿತು. ನಡುವೆ ೧೯೯೫ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಘದ ಮೊಕದ್ದಮೆಯಲ್ಲಿ, ಪ್ರಸಾರಕ್ಕೆ ಬೇಕಾದ ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. ಅವು ಸರ್ಕಾರದವೂ ಅಲ್ಲ, ವರ್ತಕರವೂ ಅಲ್ಲ. ಇದಕ್ಕಿಂತ ಸ್ಪಷ್ಟವಾದ ಮಾತು ಬೇಕೇ?

ಮಾತು ಸ್ಪಷ್ಟವಾಯಿತು, ಹಣದ ದಾರಿ ಬದಲಾಗಲಿಲ್ಲ. ಪ್ರಸಾರ ಭಾರತಿಯು ಹೆಸರಿನಲ್ಲಿ ಸ್ವತಂತ್ರ ಸಂಸ್ಥೆ. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಎರಡು ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟ ಹಣ ಅದಕ್ಕೆ ಕೇಂದ್ರದ ಆಯವ್ಯಯದಿಂದ ಬರುತ್ತದೆ. ಅದರ ಬಹುಭಾಗ ಸಂಬಳಕ್ಕೆ ಸಲ್ಲುತ್ತದೆ. ಹಳೆಯ ನೌಕರರು ಸರ್ಕಾರದ ನೌಕರರೆಂದೇ ಎಣಿಸಲ್ಪಡುತ್ತಾರೆ. ಪ್ರತಿ ವರ್ಷವೂ ಕೈಯೊಡ್ಡಬೇಕು, ಪ್ರತಿ ವರ್ಷವೂ ಕೊಡುವವನ ಮುಖವನ್ನು ನೋಡಬೇಕು. ಯಾರೂ ಬೆದರಿಸಬೇಕಾಗಿಲ್ಲ, ಆಜ್ಞೆಯನ್ನೂ ಬರೆಯಬೇಕಾಗಿಲ್ಲ. ಬರತಕ್ಕ ಮಾರ್ಚಿ ತಿಂಗಳೇ ಸಾಕು. ಇದನ್ನು ಈಗಿನ ಸರ್ಕಾರದ ಮೇಲೆಯೋ ಹಿಂದಿನ ಸರ್ಕಾರದ ಮೇಲೆಯೋ ಹೊರಿಸುವುದು ನನ್ನ ಉದ್ದೇಶವಲ್ಲ. ೧೯೯೭ರಿಂದೀಚೆಗೆ ಹಲವು ಪಕ್ಷಗಳು ಆಳಿದುವು. ಈ ದಾರವನ್ನು ಕೈಯಿಂದ ಬಿಟ್ಟವರು ಯಾರೂ ಇಲ್ಲ.

ಯಂತ್ರಗಳಿಗೆ ಹಣ ಕೊಡುವುದರಲ್ಲಿ ಮಾತ್ರ ಸರ್ಕಾರಗಳಿಗೆ ಉತ್ಸಾಹ. ೨೦೨೩ರ ಜನವರಿಯಲ್ಲಿ ಪ್ರಸಾರ ಭಾರತಿಯ ಯಂತ್ರಸಾಮಗ್ರಿಗಳ ವಿಸ್ತರಣೆಗೂ ನವೀಕರಣಕ್ಕೂ ೨,೫೩೯ ಕೋಟಿ ೬೧ ಲಕ್ಷ ರೂಪಾಯಿಗಳ ಯೋಜನೆಯೊಂದು ಮಂಜೂರಾಯಿತು. ಒಳ್ಳೆಯದೇ. ಆದರೆ ನಾನು ಉಪಾಧ್ಯಾಯನಾಗಿದ್ದ ಒಂದು ಹಳ್ಳಿಯ ಶಾಲೆಯ ನೆನಪಾಗುತ್ತದೆ. ಮಕ್ಕಳು ಬಾನುಲಿಯ ಪಾಠವನ್ನು ಕೇಳಲೆಂದು ಮೇಲಿನವರು ಹೊಸ ರೇಡಿಯೋ ಪೆಟ್ಟಿಗೆಯನ್ನು ಕಳುಹಿಸಿದರು. ಸೆಲ್ಲು ಕೊಳ್ಳಲು ಹಣವಿಲ್ಲ. ಕೇಳಿ ಬರೆದರೆ, ಸೆಲ್ಲಿಗೆಂದು ಲೆಕ್ಕದಲ್ಲಿ ಬಾಬಿಲ್ಲವೆಂದು ಉತ್ತರ ಬಂದಿತು. ತಿಂಗಳಿಗೆ ನಾಲ್ಕು ಸೆಲ್ಲುಗಳನ್ನು ನಾವು ಉಪಾಧ್ಯಾಯರು ಕೈಯಿಂದಲೇ ಹಾಕಿ ನಡಸಿದೆವು; ಹಾಡು ಬಂದಾಗ ಹಿಂದಿನ ಸಾಲಿನ ಹುಡುಗರೂ ಕತ್ತು ಚಾಚುತ್ತಿದ್ದರು. ಪೆಟ್ಟಿಗೆಯನ್ನು ಕೊಟ್ಟು ಸೆಲ್ಲನ್ನು ಕೊಡದಿರುವುದೇ ಇಂದು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಗೋಪುರಗಳು ಏಳುತ್ತವೆ, ಅವುಗಳ ಕೆಳಗೆ ಕುಳಿತು ಮಾತನಾಡತಕ್ಕವರು ನಿವೃತ್ತರಾದರೆ ಆ ಸ್ಥಾನಕ್ಕೆ ಖಾಯಂ ಜನ ಬರುವುದು ಅಪರೂಪ. ದಿನದ ಲೆಕ್ಕದಲ್ಲಿ ಕರೆಸಿಕೊಂಡ ಉದ್ಘೋಷಕರಿಂದ ಕೆಲಸ ಸಾಗುತ್ತದೆ. ಕೂಲಿಯೆಂಬ ನನ್ನ ಮಾತು ಇಲ್ಲಿ ಉಪಮಾನವಾಗಿಯೂ ಉಳಿಯಲಿಲ್ಲ.

ಹೊರದೇಶಗಳವರೂ ಈ ಚಿಂತೆಯಿಂದ ಮುಕ್ತರಾಗಿಲ್ಲ. ೧೯೨೨ರಲ್ಲಿ ೧೦ ಶಿಲ್ಲಿಂಗಿನ ಲೈಸೆನ್ಸಿನಿಂದ ಮೊದಲಾದ ಬ್ರಿಟಿಷರ ಬಿ. ಬಿ. ಸಿ.ಗೆ ೨೦೨೫ರ ಏಪ್ರಿಲಿನಿಂದ ಮನೆಯೊಂದಕ್ಕೆ ವರ್ಷಕ್ಕೆ ೧೭೪ ಪೌಂಡು ೫೦ ಪೆನ್ಸ್ ಎಂದು ಗೊತ್ತಾಯಿತು. ಅಲ್ಲಿನ ಕಿರಿಯರು ದೂರದರ್ಶನವನ್ನೇ ಬಿಟ್ಟು ಅಂತರ್ಜಾಲದಲ್ಲಿ ಮುಳುಗಿರುವುದರಿಂದ ಕೊಡುವವರು ಕಡಮೆಯಾಗುತ್ತಿದ್ದಾರೆ. ಅದರ ರಾಜಶಾಸನದ ಅವಧಿ ೨೦೨೭ರ ಕೊನೆಗೆ ತೀರುತ್ತದೆ. ಫ್ರಾನ್ಸಿನವರು ೨೦೨೨ರಲ್ಲಿ ಲೈಸೆನ್ಸನ್ನು ತೆಗೆದುಹಾಕಿದರು. ಇವಕ್ಕಿಂತ ನನ್ನ ಮನಸ್ಸನ್ನು ಹಿಡಿದುವು ಎರಡು ಸಂಗತಿಗಳು. ಎರಡೂ ಒಂದಕ್ಕೊಂದು ಎದುರು.

ಅಮೆರಿಕದಲ್ಲಿ ೧೯೬೭ರ ಕಾನೂನಿನಿಂದ ಸಾರ್ವಜನಿಕ ಪ್ರಸಾರಕ್ಕೆ ಹಣ ಹಂಚತಕ್ಕ ಒಂದು ನಿಗಮವನ್ನು ನಿರ್ಮಿಸಿದ್ದರು. ರಾಜಕಾರಣದ ಗಾಳಿ ತಟ್ಟಬಾರದೆಂದು ಅದಕ್ಕೆ ಎರಡು ವರ್ಷ ಮುಂಚಿತವಾಗಿಯೇ ಹಣವನ್ನು ಗೊತ್ತುಮಾಡುವ ಪದ್ಧತಿಯನ್ನೂ ಇಟ್ಟರು. ಉಪಾಯ ಜಾಣತನದ್ದೇ. ಆದರೆ ೨೦೨೫ರ ಜುಲೈಯಲ್ಲಿ ಅಲ್ಲಿನ ಕಾಂಗ್ರೆಸ್ ಸಭೆಯು ಹೀಗೆ ಮುಂದಾಗಿ ಕೊಟ್ಟಿದ್ದ ಸುಮಾರು ೧೧೦ ಕೋಟಿ ಡಾಲರುಗಳನ್ನು ಮತ ಹಾಕಿ ಹಿಂದಕ್ಕೆ ತೆಗೆದುಕೊಂಡಿತು. ಮರುತಿಂಗಳೇ ಆ ನಿಗಮವು ತನ್ನ ಕಾರ್ಯವನ್ನು ಮುಚ್ಚುವುದಾಗಿ ಪ್ರಕಟಿಸಿತು. ನಮ್ಮವರು ಇದನ್ನು ದತ್ತಾಪಹಾರವೆಂದು ಕರೆದರು. ತಾನು ಕೊಟ್ಟುದಾಗಲಿ ಇತರರು ಕೊಟ್ಟುದಾಗಲಿ, ಅದನ್ನು ಕಸಿದುಕೊಂಡವನಿಗೆ ತಾಮ್ರಶಾಸನಗಳ ಕೊನೆಯಲ್ಲಿ ಎಂತಹ ಘೋರ ಶಾಪವನ್ನು ಬರೆಯಿಸುತ್ತಿದ್ದರೆಂಬುದನ್ನು ಶಾಸನಗಳನ್ನೋದಿದವರು ಬಲ್ಲರು. ಮುಂದೆ ಬರುವ ರಾಜನ ಮನಸ್ಸು ಏನಾದೀತೆಂಬ ಭಯ ಆಗಲೂ ಇತ್ತೆಂಬುದಕ್ಕೆ ಆ ಶಾಪವೇ ಸಾಕ್ಷಿ.

ಜರ್ಮನಿಯಲ್ಲಿ ಪ್ರತಿ ಮನೆಯೂ, ಪೆಟ್ಟಿಗೆಯಿರಲಿ ಬಿಡಲಿ, ಪ್ರಸಾರಕ್ಕೆ ಕಾಣಿಕೆ ಕೊಡತಕ್ಕದ್ದು. ಎಷ್ಟು ಬೇಕೆಂಬುದನ್ನು ಮಂತ್ರಿಗಳು ಹೇಳುವುದಿಲ್ಲ. ಲೆಕ್ಕವನ್ನು ಬಲ್ಲ ಸ್ವತಂತ್ರ ಸಮಿತಿಯೊಂದು ಪರೀಕ್ಷಿಸಿ ಹೇಳುತ್ತದೆ. ಅಲ್ಲಿನ ಹದಿನಾರು ಪ್ರಾಂತಗಳೂ ಅದನ್ನು ಒಪ್ಪಬೇಕು. ಹಿಂದೊಮ್ಮೆ ತಿಂಗಳಿಗೆ ೧೭ ಯೂರೋ ೫೦ ಸೆಂಟು ಇದ್ದುದನ್ನು ೧೮ ಯೂರೋ ೩೬ ಸೆಂಟಿಗೆ ಏರಿಸಬೇಕೆಂದು ಸಮಿತಿ ಹೇಳಿದಾಗ ಹದಿನೈದು ಪ್ರಾಂತಗಳು ಒಪ್ಪಿ, ಸ್ಯಾಕ್ಸನಿ-ಆನ್‌ಹಾಲ್ಟ್ ಎಂಬ ಒಂದು ಮಾತ್ರ ತಡೆದು ನಿಂತಿತು. ೨೦೨೧ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವು, ಹಣವನ್ನು ತಡೆಯುವುದು ಪ್ರಸಾರದ ಸ್ವಾತಂತ್ರ್ಯವನ್ನೇ ಭಂಗಪಡಿಸಿದಂತೆಂದು ನಿರ್ಣಯಿಸಿ, ಏರಿಕೆಯನ್ನು ತಾನೇ ಜಾರಿಗೆ ತಂದಿತು. ಒಂದು ಯೂರೋವಿಗೂ ಕಡಮೆಯಾದ ಮೊಬಲಗಿಗಾಗಿ ಇಷ್ಟು ದೊಡ್ಡ ವ್ಯಾಜ್ಯ! ಹಿಟ್ಲರನ ಕಾಲದಲ್ಲಿ ರೇಡಿಯೋ ಏನು ಮಾಡಿತೆಂಬುದನ್ನು ಕಂಡುಂಡ ಜನಕ್ಕೆ ಆ ಸೆಂಟುಗಳ ತೂಕ ಗೊತ್ತಿದ್ದಿರಬೇಕು.

ಹಾಗಾದರೆ ನಮ್ಮಲ್ಲಿಯೂ ಮನೆಗೊಂದು ಕಾಣಿಕೆಯನ್ನು ವಿಧಿಸಬೇಕೆಂದು ಹೇಳುತ್ತೀರಾ ಎಂದು ಕೇಳಬಹುದು. ನಾನು ಹಾಗೆ ಹೇಳಲಾರೆ. ಬಡವನಿಗೂ ಶ್ರೀಮಂತನಿಗೂ ಒಂದೇ ಮೊತ್ತವೆಂಬುದು ನ್ಯಾಯವಲ್ಲ. ಒಮ್ಮೆ ತೆಗೆದ ಲೈಸೆನ್ಸನ್ನು ಮತ್ತೆ ಹೇರುವುದು ನಡೆಯತಕ್ಕ ಮಾತೂ ಅಲ್ಲ. ನಮ್ಮ ಹಿರಿಯರು ಕೆರೆಗಳಿಗೆ ಮಾಡಿದ ಏರ್ಪಾಡನ್ನು ಇದಕ್ಕೂ ಮಾಡಬಾರದೇಕೆಂಬುದು ನನ್ನ ವಿನಂತಿ.

ಕರ್ಣಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದರೆ ಪುಣ್ಯವು ಪೂರ್ಣವಾಗುವುದಿಲ್ಲ; ಏರಿ ಬಿರಿಯುತ್ತದೆ, ತೂಬು ಕಿತ್ತುಹೋಗುತ್ತದೆ, ಹೂಳು ತುಂಬುತ್ತದೆ. ಆದುದರಿಂದ ಕೆರೆಯ ದುರಸ್ತಿಗೆಂದು ಭೂಮಿಯನ್ನೋ ಅದರ ಆದಾಯವನ್ನೋ ಪ್ರತ್ಯೇಕವಾಗಿ ಬಿಟ್ಟುಕೊಟ್ಟರು. ನೀರಿನಿಂದ ಬೆಳೆದ ಬೆಳೆಯೇ ನೀರನ್ನು ಕಾಯಬೇಕೆಂಬುದು ಅದರ ಆಶಯ. ಏರಿಗೆ ಮಣ್ಣು ಹಾಕಬೇಕಾದಾಗ ರಾಜಧಾನಿಗೆ ಓಡಿಹೋಗಿ ಅರಿಕೆಮಾಡಿಕೊಳ್ಳಬೇಕಾಗಿರಲಿಲ್ಲ. ಹಣವನ್ನೇ ಕೊಡುವುದಾದರೆ ಅದಕ್ಕೆ ಅಕ್ಷಯನೀವಿಯೆಂಬ ಕ್ರಮವಿತ್ತು. ನಾಸಿಕದ ಗುಹೆಯಲ್ಲಿ, ನಹಪಾನನ ಅಳಿಯನಾದ ಉಷವದಾತನು ಕ್ರಿ. ಶ. ಎರಡನೆಯ ಶತಮಾನದ ಆದಿಯಲ್ಲಿ ಬರೆಯಿಸಿದ ಶಾಸನವಿದೆ. ಭಿಕ್ಷುಗಳ ಖರ್ಚಿಗೆಂದು ೩,೦೦೦ ಕಾರ್ಷಾಪಣಗಳನ್ನು ನೇಯ್ಗೆಯವರ ಎರಡು ಶ್ರೇಣಿಗಳಲ್ಲಿ ಅವನು ಇಟ್ಟನು. ೨,೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಉಳಿದ ೧,೦೦೦ಕ್ಕೆ ಮುಕ್ಕಾಲರಂತೆ. ಅಸಲನ್ನು ಹಿಂದಕ್ಕೆ ಪಡೆಯುವಂತಿಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು. ಭಿಕ್ಷುಗಳು ಅಳಿಯದೇವನ ಮುಖವನ್ನು ನೋಡಬೇಕಾಗಿರಲಿಲ್ಲ.

ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ನ್ಯಾಯಾಲಯವೇ ಹೇಳಿದೆಯಷ್ಟೆ. ಆ ಸ್ವತ್ತಿನ ಒಂದು ಭಾಗವನ್ನು ದೂರವಾಣಿಯ ಕಂಪೆನಿಗಳಿಗೆ ಹರಾಜಿನಲ್ಲಿ ಕೊಡುತ್ತಾರೆ. ೨೦೨೨ರಲ್ಲಿ ನಡೆದ ಒಂದೇ ಹರಾಜಿನಲ್ಲಿ ಕೂಗಿದ ಮೊತ್ತ ಒಂದೂವರೆ ಲಕ್ಷ ಕೋಟಿ ರೂಪಾಯಿಗಳಿಗೆ ಸ್ವಲ್ಪ ಮೇಲೆ; ಕಂಪೆನಿಗಳು ಅದನ್ನು ಇಪ್ಪತ್ತು ವಾರ್ಷಿಕ ಕಂತುಗಳಲ್ಲಿಯೂ ಕಟ್ಟಬಹುದು. ಇಂತಹ ಆದಾಯದಲ್ಲಿ ನೂರಕ್ಕೆ ಒಂದೆರಡು ಪಾಲನ್ನು, ಬೊಕ್ಕಸಕ್ಕೆ ಹೋಗುವ ಮೊದಲೇ, ಕಾನೂನಿನಿಂದ ಬೇರೆಯಿರಿಸಿ ಪ್ರಸಾರದ ಅಕ್ಷಯನೀವಿಯನ್ನಾಗಿ ಮಾಡಿದರೆ ಹೇಗೆ? ಹರಾಜು ವರ್ಷವರ್ಷವೂ ನಡೆಯತಕ್ಕದ್ದಲ್ಲ. ಆದುದರಿಂದಲೇ ಅಸಲನ್ನು ಮುಟ್ಟಬಾರದು, ಬಡ್ಡಿಯಿಂದ ನಡಸಬೇಕು. ಮೊದಮೊದಲು ಸಂಬಳಕ್ಕೆ ಸಾಲದು. ಕಾರ್ಯಕ್ರಮಗಳಿಗೆ ಸಾಕಾದರೂ ಸಾಕು. ಆಕಾಶದ ಬೆಳೆಯಿಂದ ಆಕಾಶದ ಕೆರೆಯನ್ನು ಕಾಯುವುದು ಬಿತ್ತುವಟ್ಟದ ನ್ಯಾಯವೇ ಆಗಿದೆ. ಪಾರ್ಲಿಮೆಂಟು ಮಾಡಿದ ಕಾನೂನನ್ನು ಪಾರ್ಲಿಮೆಂಟೇ ಅಳಿಸಬಹುದು, ಅಮೆರಿಕದಲ್ಲಿ ಹಾಗೆಯೇ ಆಯಿತೆಂದು ಆಕ್ಷೇಪಿಸಬಹುದು. ಸತ್ಯ. ಆದರೆ ಬರತಕ್ಕ ವರ್ಷದ ಹಣವನ್ನು ಸದ್ದಿಲ್ಲದೆ ಕಡಮೆಮಾಡುವುದು ಸುಲಭ. ಧಾರೆಯೆರೆದುದನ್ನು ಹಾಡುಹಗಲಿನಲ್ಲಿ ಕಿತ್ತುಕೊಳ್ಳುವುದಕ್ಕೆ ನಾಚಿಕೆಯನ್ನು ಬಿಡಬೇಕಾಗುತ್ತದೆ.

ಇನ್ನೆರಡು ಆಕ್ಷೇಪಗಳುಳಿದಿವೆ. ಕೈಯಲ್ಲಿರುವ ದೂರವಾಣಿಯಲ್ಲಿಯೇ ಲೋಕದ ವಾರ್ತೆ, ಹಾಡು, ಪಾಠ ಎಲ್ಲವೂ ದೊರೆಯುವ ಈ ಕಾಲದಲ್ಲಿ ಆಕಾಶವಾಣಿಯೇತಕ್ಕೆ, ಕೇಳದವನ ಹಣವನ್ನು ಅದಕ್ಕೆ ಹಾಕುವುದೇತಕ್ಕೆ ಎಂಬುದು ಮೊದಲನೆಯದು. ದೊರೆಯುವುದು ನಿಜ, ನಿಜವೂ ದೊರೆಯುತ್ತದೆ, ಸುಳ್ಳೂ ದೊರೆಯುತ್ತದೆ, ಬೇರೆಮಾಡಿ ಕೊಡುವವರಿಲ್ಲ. ಮಳೆ ಸುರಿದು ನೀರೇ ನೀರಾದ ದಿನವೇ ಕುಡಿಯುವ ನೀರಿನ ಬಾವಿಯನ್ನು ಹೆಚ್ಚು ಜೋಪಾನ ಮಾಡಬೇಕಾಗುವುದು. ತಾನು ಆ ಬಾವಿಗೆ ಕೊಡವನ್ನಿಳಿಸದಿದ್ದರೂ ನೆರೆಯವನಿಗೆ ವಿಷಮಜ್ವರ ಬಾರದಿದ್ದರೆ ತನಗೂ ಕ್ಷೇಮವೆಂಬುದನ್ನು ಗೃಹಸ್ಥನಾದವನು ಬಲ್ಲನು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ವೃತ್ತಿಗಳನ್ನುಂಡು ವಿದ್ಯೆಯನ್ನು ಬಿಟ್ಟ ಅಗ್ರಹಾರಗಳಿಲ್ಲವೇ? ದೇವರ ಭೂಮಿಯನ್ನು ಧರ್ಮದರ್ಶಿಗಳೇ ನುಂಗಲಿಲ್ಲವೇ? ಕೇಳುವವರಿಲ್ಲದ ಹಣ ಸೋಮಾರಿತನವನ್ನು ಸಾಕುತ್ತದೆಂಬುದು ಸುಳ್ಳಲ್ಲ. ಹಾರ್ಮೋನಿಯಮ್ಮಿನ ಕಥೆಯನ್ನು ಮೇಲೆಯೇ ಹೇಳಿದೆನು. ಆದುದರಿಂದ ದಾತೃವಿಗೆ ಸ್ವತ್ವತ್ಯಾಗವು ಹೇಗೆ ಧರ್ಮವೋ, ಪ್ರತಿಗ್ರಹೀತೃವಿಗೆ ಪಾತ್ರತೆ ಹಾಗೆಯೇ ಧರ್ಮ. ಹಣದ ಲೆಕ್ಕವನ್ನು ಕೇಳುವ ಹಕ್ಕು ಎಲ್ಲರಿಗೂ ಇರಲಿ. ಮಾತಿನ ಲೆಕ್ಕವನ್ನು ಕೇಳುವ ಹಕ್ಕು ಮಂತ್ರಿಗಿರಬಾರದು, ಕೇಳುಗನಿಗಿರಬೇಕು. ಅದಕ್ಕೆ ಒಂದೊಂದು ಕೇಂದ್ರದಲ್ಲಿಯೂ ಊರಿನ ರೈತ, ಉಪಾಧ್ಯಾಯ, ಸಂಗೀತಗಾರ, ಬೆಸ್ತ, ಗೃಹಿಣಿ ಇವರನ್ನೊಳಗೊಂಡ ಮಂಡಲಿಯು ವರ್ಷಕ್ಕೆ ನಾಲ್ಕು ಸಲವಾದರೂ ಕೂಡಿ, ಏನು ಕೇಳಿದೆವು, ಏನು ಕೇಳಲಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತು ಅಂದೇ ಬಾನುಲಿಯಲ್ಲಿ ಬರಬೇಕು. ಹೆಸರಿಗೆ ಮಾತ್ರ ಇರತಕ್ಕ ಸಲಹಾ ಸಮಿತಿಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಕಾಫಿಯ ಲೋಟವನ್ನು ಕೆಳಗಿಡುವುದರೊಳಗೆ ಮುಗಿಯತಕ್ಕ ಸಭೆಗಳಿಂದ ಪ್ರಯೋಜನವಿಲ್ಲ.

ಅಕ್ಷಯನೀವಿಯ ವಿಷಯದಲ್ಲಿ ನನಗೆ ತೋರಿದುದನ್ನು ಬರೆದಿದ್ದೇನೆ. ಹರಾಜಿನ ಪಾಲಿಗಿಂತ ಉತ್ತಮವಾದ ಬೇರೆ ದಾರಿಯನ್ನು ಬಲ್ಲವರು, ವಿಶೇಷವಾಗಿ ಅರ್ಥಶಾಸ್ತ್ರವನ್ನೋದಿದ ಕಿರಿಯರು, ಇದೇ ಪತ್ರಿಕೆಯಲ್ಲಿ ಉತ್ತರ ಬರೆಯುವುದಾದರೆ ಸಂಪಾದಕರು ಸ್ಥಳ ಕೊಡದಿರಲಾರರು. ನೂರಕ್ಕೆ ಎಷ್ಟು ಪಾಲು ಸಾಕಾದೀತೆಂಬ ಲೆಕ್ಕವನ್ನು ಅವರು ಹಾಕಿ ತೋರಿಸಿದರೆ ಉಪಕಾರವಾಗುವುದು.